ಇದ್ದುದನ್ನು ಇದ್ದಂತೆ ಹೇಳುವ ಹುಡುಗ

ಪುಣೆಯ ಕೋಥರೂಡದ ಕನ್ನಡ ಮನೆಗಳಲ್ಲಿ ಮಕ್ಕಳು ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ: ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಪಠ್ಯದಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಅಸೂಯೆಯೆಂಬುದು ಹೊಟ್ಟೆಯ ಕಿಚ್ಚು; ಮರಾಠಿಯಲ್ಲಿ ಅದು ಹೊಟ್ಟೆಯ ನೋವು. ಒಂದು ಭಾಷೆಯ ನುಡಿಗಟ್ಟನ್ನು ಅಕ್ಷರಶಃ ಗ್ರಹಿಸಿ ಕ್ಷಣಕಾಲ ತಬ್ಬಿಬ್ಬಾಗುವುದು ಇಂಥ ಮನೆಗಳಿಗೆ ಹೊಸತಲ್ಲ. ಮಾರ್ಕ್ ಹ್ಯಾಡನ್‌ನ ‘ದ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್-ಟೈಮ್’ ಕಾದಂಬರಿಯನ್ನು ಪ್ರವೇಶಿಸಲು ಆ ಅನುಭವವೇ ತಕ್ಕ ಬಾಗಿಲು.

2003ರಲ್ಲಿ ಪ್ರಕಟವಾಗಿ ಅದೇ ಸಾಲಿನ ವಿಟ್‌ಬ್ರೆಡ್ ಪ್ರಶಸ್ತಿ ಪಡೆದ ಈ ಕೃತಿಯ ನಿರೂಪಕ ಸ್ವಿಂಡನ್ ಪಟ್ಟಣದ 15 ವರ್ಷದ ಕ್ರಿಸ್ಟೋಫರ್. ನೆರೆಮನೆಯ ನಾಯಿಯನ್ನು ಕೊಂದವರಾರೆಂದು ಅರಸಹೊರಟವನಿಗೆ ತನ್ನ ಮನೆಯೇ ಬಚ್ಚಿಟ್ಟ ಸುಳ್ಳು ಎದುರಾಗುತ್ತದೆ. ಅಧ್ಯಾಯಗಳಿಗೆ ಅವನು ಅವಿಭಾಜ್ಯ ಸಂಖ್ಯೆಗಳನ್ನೇ ಕೊಡುತ್ತಾನೆ. ರೂಪಕವು ಅವನ ಪಾಲಿಗೆ ಸುಳ್ಳು, ಉಪಮೆ ಹಾಗಲ್ಲ. ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಸ್ವಭಾವೋಕ್ತಿಯ ನೆನಪಾಗದಿರದು. ವಸ್ತುವನ್ನು ಇದ್ದಂತೆ ಕಾಣಿಸುವ ಆ ಮಾತಿಗೆ ದಂಡಿಯು ಅರ್ಥಾಲಂಕಾರಗಳಲ್ಲಿ ಮೊದಲ ಸ್ಥಾನ ಕೊಟ್ಟನು. ಅವನ ‘ಕಾವ್ಯಾದರ್ಶ’ದ ಬೆಳಕಿನಲ್ಲಿಯೇ ನಮ್ಮ ‘ಕವಿರಾಜಮಾರ್ಗ’ ರೂಪುಗೊಂಡಿತು. ನಮ್ಮ ಕಾವ್ಯಮೀಮಾಂಸೆಯ ದೃಷ್ಟಿಯಲ್ಲಿ ಕ್ರಿಸ್ಟೋಫರನ ಮಾತು ಅಲಂಕಾರದ ಅಭಾವವಲ್ಲ, ಅದೇ ಒಂದು ಅಲಂಕಾರ.

ಕೃತಿಯ ಸುತ್ತ ಎದ್ದ ವಿವಾದಗಳು ಎರಡು ಬಗೆಯವು. ಬೈಗುಳಗಳ ಕಾರಣಕ್ಕೆ 2015ರಲ್ಲಿ ಅಮೆರಿಕದ ಟಾಲಹಾಸಿಯ ಪ್ರೌಢಶಾಲೆಯೊಂದು ಇದನ್ನು ಬೇಸಗೆಯ ಓದಿನಿಂದ ಕೈಬಿಟ್ಟಿತು. ಈ ಆಕ್ಷೇಪ ಹಗುರವಾದುದು. ಆ ಬೈಗುಳಗಳು ಬಹುಪಾಲು ಹುಡುಗನ ಸುತ್ತಲಿನ ಹಿರಿಯರವೇ. ಎರಡನೆಯದು ಗಂಭೀರವಾದುದು. ಗಣಿತದ ಅಸಾಧಾರಣ ಪ್ರತಿಭೆ, ಮುಟ್ಟಿದರೆ ಕೈಯೆತ್ತುವ ಸ್ವಭಾವ, ಪರರ ಭಾವನೆಗೆ ಕುರುಡು: ಸ್ವಲೀನತೆ, ಅಂದರೆ ಆಟಿಸಂ ಉಳ್ಳವರೆಲ್ಲ ಹೀಗೆಯೇ ಎಂಬ ಅಚ್ಚನ್ನು ಕಾದಂಬರಿ ಗಟ್ಟಿಗೊಳಿಸಿತೆಂದು ಅಂಥ ಓದುಗರೇ ದೂರಿದ್ದಾರೆ. ಆದರೆ ಕಥೆಯೊಳಗೆ ಆ ಸ್ಥಿತಿಯ ಹೆಸರೇ ಇಲ್ಲ. ಅದನ್ನು ಅಂಟಿಸಿದ್ದು ಹೊದಿಕೆಯ ಬರಹ. ತಾನು ಈ ವಿಷಯದಲ್ಲಿ ಹೆಚ್ಚು ಸಂಶೋಧನೆ ನಡೆಸಲಿಲ್ಲವೆಂದು ಹ್ಯಾಡನ್ ತಾನೇ ಹೇಳಿದ್ದಾನೆ. ಹಾಗಿದ್ದೂ ಲೋಕವು ಕೃತಿಯನ್ನು ಪ್ರಮಾಣಗ್ರಂಥದಂತೆ ಸ್ವೀಕರಿಸಿತು.

ಇದರ ಪಕ್ಕದಲ್ಲಿ ಕರ್ನಾಟಕದ ಒಂದು ನಿದರ್ಶನವನ್ನು ಇಡಬೇಕು. ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಸ್ವಲೀನತೆಯುಳ್ಳ, ಮಾತು ಅಷ್ಟಾಗಿ ಒಲಿಯದ ಬಾಲಕ. ಅವನ ‘ಬಿಯಾಂಡ್ ದ ಸೈಲೆನ್ಸ್’ 2000ದಲ್ಲಿ, ಹ್ಯಾಡನ್‌ನ ಕೃತಿಗಿಂತ ಮೂರು ವರ್ಷ ಮೊದಲೇ, ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ತಾಯಿ ಸೋಮಾ ರೂಪಿಸಿದ ಬೋಧನಕ್ರಮದಿಂದ ಹೊಮ್ಮುವ ಬರಹ ಮಗುವಿನದೋ ನೆರವಾದವರದೋ ಎಂಬ ಸಂಶಯವನ್ನು ತಜ್ಞರು ಎತ್ತಿದ್ದಾರೆ. ಆ ಸಂಶಯ ನ್ಯಾಯವಾದುದೇ. ಆದರೆ ಅಂಥ ಬಾಲಕನ ಹೆಸರಿನಲ್ಲಿ ಬಂದ ಬರಹಕ್ಕೆ ಸಾಕ್ಷಿ ಕೇಳುವ ಲೋಕ, ಅಂಥ ಬಾಲಕನನ್ನು ಕಲ್ಪಿಸಿ ಬರೆದ ಹಿರಿಯನಿಗೆ ಏನನ್ನೂ ಕೇಳಲಿಲ್ಲ. ಈ ಅಸಮಾನತೆಯನ್ನು ವಿಮರ್ಶೆ ಗುರುತಿಸಬೇಕಾಗಿದೆ.

ಹಾಗೆಂದು ಕಾದಂಬರಿಯನ್ನು ತಿರಸ್ಕರಿಸಬೇಕಾಗಿಲ್ಲ. ಮಾತನ್ನು ಮಾತಿನಷ್ಟೇ ಅರ್ಥದಲ್ಲಿ ಕೇಳುವವನ ಎದುರಿನಲ್ಲಿ ಹಿರಿಯರ ನಯಗಾರಿಕೆ ಎಷ್ಟು ಟೊಳ್ಳೆಂದು ಅದು ತೋರಿಸುತ್ತದೆ. ಅದು ಸಾಹಿತ್ಯದ ಗೆಲುವು. ಆದರೆ ಕೋಥರೂಡದ ಯಾವುದೋ ಮನೆಯಲ್ಲಿ ಅಂಥ ಮಗುವೊಂದು ಇದ್ದರೆ, ಪುಸ್ತಕವನ್ನು ಓದಿ ಬಂದ ನೆರೆಯವರು ಕ್ರಿಸ್ಟೋಫರನ ಅಳತೆಗೋಲನ್ನು ಹೊಸ್ತಿಲಾಚೆಗೇ ಬಿಟ್ಟು ಒಳಗೆ ಬರುವುದು ಒಳಿತು. ಆ ಮಗುವಿಗೆ ಲೆಕ್ಕ ಬಾರದೆ ಇರಬಹುದು. ರೂಪಕ ಪ್ರಿಯವೂ ಆಗಿರಬಹುದು.