ಹಳೆಯ ಚೀಟಿ, ಹೊಸ ಹುಣ್ಣು

ಹುಣ್ಣು ದಿನದಿನಕ್ಕೂ ಬದಲಾಗುತ್ತದೆ; ದವಾಖಾನೆಯ ಚೀಟಿ ಮಾತ್ರ ಬದಲಾಗುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕರ ಸಂಕಟ ಇಷ್ಟೇ. ದುಡಿಯುವ ಮಕ್ಕಳು ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗಿದ್ದಾರೆ. ಮನೆಯಲ್ಲಿ ಉಳಿದದ್ದು ಮುದುಕಿ, ಆಕೆಯ ಬೆನ್ನಿನ ಹುಣ್ಣು, "ದಿನಕ್ಕೊಮ್ಮೆ ಪಟ್ಟಿ ಕಟ್ಟಿ" ಎಂದು ಬರೆದ ಚೀಟಿ. ಎಷ್ಟು ದಿನ? ಮತ್ತೆ ನೋಡುವವರಾರು? ಚೀಟಿಯಲ್ಲಿ ಉತ್ತರವಿಲ್ಲ.

ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಟೊಂಕದಲ್ಲಿ, ಹಿಮ್ಮಡಿಯಲ್ಲಿ ರಕ್ತ ಓಡದೆ ಚರ್ಮ ಸಾಯುತ್ತದೆ. ಮೊದಲು ಕೆಂಪು, ಬಳಿಕ ಒಡೆದ ಹುಣ್ಣು, ಕಡೆಗೆ ಎಲುಬು ಕಾಣುವ ಗುಂಡಿ. ಮಾಯುತ್ತಿರುವ ಹುಣ್ಣಿಗೂ ಕೀವು ಸೋರುವ ಹುಣ್ಣಿಗೂ ಒಂದೇ ಉಪಚಾರ ಸಲ್ಲದು. ಸಕ್ಕರೆ ಬೇನೆಯಿಂದಲೋ ಕುಷ್ಠದಿಂದಲೋ ಪಾದ ಮರಗಟ್ಟಿದವರಿಗೆ ನೋವೇ ತಿಳಿಯದು. ಅವರು ಕೂಗಿಕೊಳ್ಳಲೆಂದು ಕಾಯುವುದು ಕಾಲು ಕಳೆದುಕೊಳ್ಳಲು ಕಾದಂತೆ.

ಅಮೆರಿಕದ ಶುಶ್ರೂಷಾಲಯಗಳಲ್ಲಿ ಮೊದಲ 90 ದಿನ 30 ದಿನಕ್ಕೊಮ್ಮೆ, ಅನಂತರ 60 ದಿನಕ್ಕೊಮ್ಮೆಯಾದರೂ ರೋಗಿಯನ್ನು ಕಂಡು, ಆದೇಶಗಳಿಗೆ ತಾರೀಖು ಹಾಕಿ ಸಹಿ ಮಾಡಬೇಕೆಂಬ ನಿಯಮವಿದೆ. ನಮ್ಮಲ್ಲಿ? 2007ರ ಹಿರಿಯ ನಾಗರಿಕರ ಕಾಯಿದೆ ಜಿಲ್ಲೆಗೊಂದಾದರೂ, 150 ಮಂದಿ ನಿರ್ಗತಿಕರಿಗೆ ಸಾಲುವಷ್ಟು ವೃದ್ಧಾಶ್ರಮವನ್ನು ರಾಜ್ಯ ಸರಕಾರ ಸ್ಥಾಪಿಸ"ಬಹುದು" ಎನ್ನುತ್ತದೆ. ಬಡವನ ಪಾಲಿಗೆ ಬಂದಾಗ ಮಾತ್ರ "ಬೇಕು" ಎಂಬುದು "ಬಹುದು" ಆಗುವುದೇಕೆ? ಹಾಸಿಗೆ ಹಿಡಿದ ವೃದ್ಧರನ್ನು ಮನೆಗೇ ಹೋಗಿ ನೋಡಬೇಕೆಂಬ ಮಾತು 2010ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದಲ್ಲಿಯೂ ಇದೆ. ಕಾಗದದ ಮಾತು ಗುಡಿಸಲ ಹೊಸ್ತಿಲು ದಾಟಬೇಡವೇ?

ನಾವು ಕೇಳುವುದು ಅರಮನೆಯನ್ನಲ್ಲ. ಪ್ರತಿ ಚೀಟಿಯಲ್ಲಿ ಹುಣ್ಣಿನ ಅಳತೆ, ಬರೆದ ತಾರೀಖು, ಮತ್ತೆ ನೋಡುವ ತಾರೀಖು, ಜವಾಬ್ದಾರರ ಹೆಸರು ಇರಲಿ. ವಾರಕ್ಕೊಮ್ಮೆ ಅಳೆದು ಬರೆಯಲಿ. ಹುಣ್ಣು ದೊಡ್ಡದಾದರೆ, ನಾತ ಬಂದರೆ, ಅಂಚು ಕಪ್ಪಾದರೆ, ಜ್ವರ ಬಂದರೆ ತಾರೀಖಿಗೆ ಕಾಯದೆ ವೈದ್ಯರು ಹೊಸ ಆದೇಶ ಬರೆಯಲಿ. ಪಟ್ಟಿ, ಔಷಧ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಸಿಗಲಿ. ಈ ಹೊರೆಯನ್ನೆಲ್ಲ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟಿ ಆಕೆಯ ಗೌರವಧನವನ್ನು ಹಾಗೆಯೇ ಬಿಡುವ ಜಾಣತನ ಮಾತ್ರ ಬೇಡ.

ಓದುಗರೂ ಸುಮ್ಮನಿರಬಾರದು. ನೆರೆಮನೆಯ ಮುದುಕರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಲು ಕೈ ನೀಡಿರಿ. ಅವರ ಚೀಟಿಯ ತಾರೀಖು ನೋಡಿರಿ. ಹಳೆಯದಾಗಿದ್ದರೆ ಅದನ್ನು ಹಿಡಿದು ದವಾಖಾನೆಗೆ ಹೋಗಿ ಹೊಸದನ್ನು ಕೇಳಿರಿ. ಒಬ್ಬರು ಕೇಳಿದರೆ ಬೇಡಿಕೆ. ಊರೇ ಕೇಳಿದರೆ ಹಕ್ಕು. ಈ ನಾಡಿನ ಹೊಲ, ಕಾಲುವೆ, ರಸ್ತೆಗಳಿಗೆ ಬೆನ್ನು ಬಾಗಿಸಿದವರು ಇವರು. ಆ ಬೆನ್ನು ಇಂದು ಕೊಳೆಯುತ್ತಿದ್ದರೆ ನಾಚಿಕೆ ಅವರದಲ್ಲ, ನಮ್ಮದು.