ಗೋಲು ಹಾಕದ ಹುಡುಗಿ

"ಇಷ್ಟು ಹೊತ್ತು ಬಿಸಿಲಲ್ಲಿ ಕಾದು ಕೂತಿದ್ದೆ. ನೀನು ಒಂದು ಗೋಲೂ ಹಾಕಲಿಲ್ಲವಲ್ಲೇ?"

ಮಲ್ಲೇಶ್ವರದ ಶಾಲೆಯೊಂದರ ಅಂಗಳದಲ್ಲಿ ನೆಟ್‌ಬಾಲ್ ಪಂದ್ಯ ಆಗಷ್ಟೇ ಮುಗಿದಿತ್ತು. ಮಗಳ ಆಟ ನೋಡಲೆಂದೇ ಬಸವನಗುಡಿಯಿಂದ ಬಂದಿದ್ದ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿದು. ಒಂಬತ್ತನೇ ತರಗತಿಯ ಆ ಹುಡುಗಿ ಬೆವರು ಒರೆಸಿಕೊಳ್ಳುತ್ತಾ ಹೇಳಿದಳು: "ನಾನು ಗೋಲ್ ಹಾಕೋ ಹಾಗೇ ಇಲ್ಲಮ್ಮ, ನಾನು ವಿಂಗ್ ಡಿಫೆನ್ಸ್. ಕೊನೇ ಗೋಲಿನ ಚೆಂಡನ್ನ ಅಡ್ಡ ಹಾರಿ ಹಿಡಿದಿದ್ದು ನಾನೇ. ನೋಡಲಿಲ್ವಾ?"

ತಾಯಿ ನೋಡಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ನೋಡಿರಲಿಲ್ಲ. ನಮ್ಮಿಬ್ಬರ ಕಣ್ಣೂ ಗೋಲ್ ಕಂಬದ ಮೇಲೇ ಇತ್ತು.

ನೆಟ್‌ಬಾಲ್ ಒಂದು ರೀತಿಯಲ್ಲಿ ಬಾಸ್ಕೆಟ್‌ಬಾಲಿನ ತಂಗಿ. 1891ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಾಸ್ಕೆಟ್‌ಬಾಲ್, ಇಂಗ್ಲೆಂಡಿನ ಹೆಣ್ಣುಮಕ್ಕಳ ಕೈಗೆ ಬಂದು ಬೇರೆಯೇ ಆಟವಾಯಿತು. 1901ರಲ್ಲಿ ಅದರ ನಿಯಮಗಳು ಅಚ್ಚಾದವು. ಬೇರೆ ಬೇರೆ ದೇಶಗಳ ನಿಯಮಗಳನ್ನು ಒಂದು ಮಾಡಲು 1960ರಲ್ಲಿ ಸಭೆ ಸೇರಿದ್ದು ನಮ್ಮ ನೆರೆಯ ಕೊಲಂಬೊದಲ್ಲಿ. 1998ರಲ್ಲಿ ಈ ಆಟ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸೇರಿತು. 2010ರ ದೆಹಲಿ ಕೂಟದಲ್ಲಿ ಪ್ರಾಚಿ ತೆಹ್ಲಾನ್ ನಾಯಕತ್ವದಲ್ಲಿ ಭಾರತದ ಹುಡುಗಿಯರೂ ಆಡಿದರು.

ಈ ಆಟದ ಗುಣವೆಲ್ಲ ಇರುವುದು ನಿಯಮಗಳಲ್ಲಿ. ತಂಡಕ್ಕೆ 7 ಮಂದಿ. ಯಾರು ಎಲ್ಲಿಯವರೆಗೆ ಓಡಬಹುದು ಎಂಬುದಕ್ಕೆ ಗೆರೆ ಎಳೆದಿರುತ್ತದೆ. ಗೋಲು ಹಾಕುವ ಹಕ್ಕು ಇಬ್ಬರಿಗೆ ಮಾತ್ರ. ಚೆಂಡು ಹಿಡಿದು ಓಡುವಂತಿಲ್ಲ, ನೆಲಕ್ಕೆ ಪುಟಿಸುತ್ತಾ ಸಾಗುವಂತಿಲ್ಲ. ಕೈಗೆ ಬಂದ ಚೆಂಡನ್ನು 3 ಸೆಕೆಂಡಿನೊಳಗೆ ಇನ್ನೊಬ್ಬರಿಗೆ ಕೊಡಬೇಕು, ಇಲ್ಲವೇ ಗೋಲಿಗೆ ಎಸೆಯಬೇಕು. ಎಷ್ಟೇ ಜಾಣೆಯಾದರೂ ಒಬ್ಬಳೇ ಚೆಂಡನ್ನು ಗೋಲು ಮುಟ್ಟಿಸಿ ಮೆರೆಯಲು ಇಲ್ಲಿ ದಾರಿಯೇ ಇಲ್ಲ.

ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಇಲ್ಲಿ "ನನಗೆ ಕೊಡೇ!" ಎಂದು ಕೂಗಲೇಬೇಕು. ಚೆಂಡು ಹಿಡಿದವಳಿಂದ ಎದುರಾಳಿ 3 ಅಡಿ ದೂರ ನಿಲ್ಲಬೇಕು. ಮೈಗೆ ತಾಗಿ ಆಟ ಕೆಡಿಸಿದವಳು, ಎದುರಾಳಿ ಚೆಂಡು ಎಸೆಯುವವರೆಗೆ ಅವಳ ಪಕ್ಕದಲ್ಲೇ ಸುಮ್ಮನೆ ನಿಂತಿರಬೇಕು. ಮುಂಗೋಪದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಉಪನ್ಯಾಸದಲ್ಲಿದೆ? ಪಾಸ್ ತಪ್ಪಿಹೋದರೆ ಅಳುತ್ತಾ ಕೂರಲೂ ಸಮಯವಿಲ್ಲ. ಚೆಂಡು ಆಗಲೇ ಇನ್ನೊಂದು ಕಡೆಗೆ ಹೊರಟಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಆ ತಾಯಿಯ ನಿಜವಾದ ಚಿಂತೆ ಬೇರೆಯೇ ಇತ್ತು. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ನೋಡಿ. ಆಟ ಬಿಡಿಸಿಬಿಡೋಣ ಅಂತಿದ್ದೀವಿ" ಎಂದರು. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೇ ಇದನ್ನು ಬೇಗ ಹೇಳುತ್ತಾರೆ. ಅದೇ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಕಲಿತ ಅನಿಲ್ ಕುಂಬ್ಳೆ 1990ರಲ್ಲಿ ಭಾರತ ತಂಡಕ್ಕೆ ಆಡಿದ ಮೇಲೂ ಎಂಜಿನಿಯರಿಂಗ್ ಪದವಿ ಮುಗಿಸಿದವರು. ಎಲ್ಲರೂ ಕುಂಬ್ಳೆ ಆಗುವುದಿಲ್ಲ, ನಿಜ. ನೆಟ್‌ಬಾಲಿನಲ್ಲಿ ಕ್ರಿಕೆಟ್ಟಿನ ಹಣವೂ ಇಲ್ಲ, ಹೆಸರೂ ಇಲ್ಲ. ಆದರೆ ಸಂಜೆಯ ಒಂದು ಗಂಟೆ ಓದಿನ ಶತ್ರುವಲ್ಲ.

ಜಾಗವಿಲ್ಲ ಎನ್ನುವ ಶಾಲೆಗಳಿಗೂ ಒಂದು ಮಾತು. ಅಂಕಣಕ್ಕೆ ಬೇಕಾದದ್ದು 100 ಅಡಿ ಉದ್ದ, 50 ಅಡಿ ಅಗಲ. ಅಂದರೆ ನಮ್ಮ ಊರಿನ ಲೆಕ್ಕದಲ್ಲಿ ಸುಮಾರು ನಾಲ್ಕು 30-40 ಸೈಟು. ಜೊತೆಗೆ ಹತ್ತಡಿಯ ಎರಡು ಕಂಬ, ಒಂದು ಚೆಂಡು. ಕಂಬದ ಹಿಂದೆ ಹಲಗೆ ಕೂಡ ಬೇಡ.

ನಾವು ಹೆತ್ತವರು ಮಾರ್ಕ್ಸ್ ಕಾರ್ಡಿನಲ್ಲಿ ಅಂಕ ಹುಡುಕಿದ ಹಾಗೆಯೇ ಮೈದಾನದಲ್ಲಿ ಗೋಲು ಹುಡುಕುತ್ತೇವೆ. ನಾಳೆ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಸಂಸಾರದಲ್ಲಿ ನಮ್ಮ ಮಕ್ಕಳು ಮಾಡುವ ಬಹುಪಾಲು ಕೆಲಸ ವಿಂಗ್ ಡಿಫೆನ್ಸಿನದೇ. ಲೆಕ್ಕಕ್ಕೆ ಸಿಗುವುದಿಲ್ಲ, ಆದರೆ ಅದಿಲ್ಲದೆ ಗೋಲೂ ಇಲ್ಲ. ಆ ಹುಡುಗಿಗೆ ಇದು ಹದಿನಾಲ್ಕಕ್ಕೇ ತಿಳಿದಿದೆ. ಗೋಲು ಹಾಕಲಿಲ್ಲವೆಂಬ ಸಂಕೋಚ ಅವಳ ಮುಖದಲ್ಲಿ ಇರಲೇ ಇಲ್ಲ.

ಮಕ್ಕಳೇ, ಆಟ ಬಿಡಬೇಡಿ. ಹೆತ್ತವರೇ, ಇವತ್ತು ಸಂಜೆ ಮಗಳು ಮೈದಾನದಿಂದ ಬಂದಾಗ "ಎಷ್ಟು ಗೋಲು?" ಎಂದು ಕೇಳಬೇಡಿ. "ಯಾರಿಗೆ ಪಾಸ್ ಕೊಟ್ಟೆ?" ಎಂದು ಕೇಳಿ ನೋಡಿ. ಊಟ ಮುಗಿದರೂ ಅವಳ ಮಾತು ಮುಗಿಯುವುದಿಲ್ಲ.