ವಯಸ್ಸಾದವರನ್ನ ತನ್ನಿ, ಹುಡುಗರನ್ನ ಕೊಟ್ಟು ಬೇಡ

ಹೋದ ಗುರುವಾರ ಮಧ್ಯಾಹ್ನ ನಮ್ಮ ನಾದಿನಿ ಕೊಡಿಗೇಹಳ್ಳಿಯಿಂದ ಬಂದಳು. ಕೈಯಲ್ಲಿ ನನ್ನದೇ ಡಬ್ಬಿ, ಅದರ ತುಂಬ ಚಟ್ನಿಪುಡಿ. ಖಾಲಿ ಡಬ್ಬಿ ವಾಪಸ್ ಕೊಡೋಳಲ್ಲ ಅವಳು. ಆದರೆ ಮುಖ ಬಾಡಿತ್ತು. ಚಪ್ಪಲಿ ಬಿಡೋ ಮೊದಲೇ, "ಅತ್ತಿಗೆ, ನಮ್ಮ ಹುಡುಗನ್ನ ಕ್ಲಬ್ಬಿನವರು ಕೊಟ್ಬಿಟ್ರು" ಅಂದಳು.

ವಿಷಯ ಇಷ್ಟು. ಅವಳ ಮಗನಿಗೆ 17 ವರ್ಷ. ಐದು ವರ್ಷದಿಂದ ಒಂದೇ ಕ್ರಿಕೆಟ್ ಕ್ಲಬ್ಬಲ್ಲಿ ಬೌಲಿಂಗ್ ಮಾಡ್ತಿದ್ದಾನೆ. ಬೆಳಗ್ಗೆ ಐದೂವರೆಗೆ ಎದ್ದು, ಕಿಟ್ ಬ್ಯಾಗ್ ಹೊತ್ಕೊಂಡು ಬಸ್ ಹತ್ತೋ ಹುಡುಗ. ಈ ಸಲ ಕ್ಲಬ್ಬಿಗೆ ಗೆಲ್ಲಲೇಬೇಕು ಅಂತ ಆಸೆ ಬಂತು. ಇನ್ನೊಂದು ಕ್ಲಬ್ಬಲ್ಲಿದ್ದ 34 ವರ್ಷದ ಅನುಭವಿ ಬೌಲರ್ ಒಬ್ಬರನ್ನ ಕರ್ಕೊಂಡ್ರು. ಬದಲಿಗೆ ಇವನನ್ನೂ ಇನ್ನೊಬ್ಬ ಹುಡುಗನ್ನೂ ಆ ಕಡೆ ಕಳಿಸ್ತೀವಿ ಅಂದ್ರು. "ಇಲ್ಲಿದ್ದರೆ ಈ ವರ್ಷ ಜಾಗ ಸಿಗಲ್ಲಪ್ಪ, ಅಲ್ಲಿ ಆಡು" ಅಂತ ಒಂದು ಮಾತು. ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ನಮ್ಮನೇಲಿ ಎರಡು ಪಾರ್ಟಿ ಆಯ್ತು. ನಮ್ಮನೆಯವರು, "ಕ್ಲಬ್ ಇರೋದು ಗೆಲ್ಲೋಕೆ ಕಣೇ, ಹುಡುಗರನ್ನ ಸಾಕೋಕಲ್ಲ. ಭುವನೇಶ್ವರ್ ಕುಮಾರ್ ಬಂದ ಮೇಲೇ ಅಲ್ವಾ ನಮಗೆ ಕಪ್ ಬಂದಿದ್ದು?" ಅಂದರು.

ಅವರ ಮಾತು ಅರ್ಧ ನಿಜ. 2024ರ ನವೆಂಬರಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ಆರ್‌ಸಿಬಿ 34 ವರ್ಷದ ಭುವಿಗೆ 10.75 ಕೋಟಿ ಕೊಡ್ತು. ಕೃಣಾಲ್ ಪಾಂಡ್ಯಗೆ 5.75 ಕೋಟಿ. ಈ ವಯಸ್ಸಿನವರಿಗೆ ಇಷ್ಟಾ ಅಂತ ನಾನೇ ಮೂಗು ಮುರಿದಿದ್ದೆ. 2025ರ ಜೂನ್ 3ರಂದು ಅಹಮದಾಬಾದಿನ ಫೈನಲ್ ನೆನಪಿದೆಯಲ್ಲ? ಕೃಣಾಲ್ ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ಭುವಿ 17ನೇ ಓವರಲ್ಲಿ ಎರಡು ವಿಕೆಟ್ ಕಿತ್ತರು. ಗೆದ್ದಿದ್ದು 6 ರನ್ನಲ್ಲಿ. ಆ ಎದೆ ಡವಗುಟ್ಟೋ ಹೊತ್ತಲ್ಲಿ ಕೈ ನಡುಗದೇ ಇರೋದಕ್ಕೆ ವಯಸ್ಸೇ ಬೇಕು. ನಮ್ಮ ಕುಂಬ್ಳೆ ಅವರನ್ನೇ ನೋಡಿ, 38ನೇ ವಯಸ್ಸಲ್ಲಿ 2009ರ ಟೀಮನ್ನ ಫೈನಲ್ ತನಕ ಎಳ್ಕೊಂಡು ಹೋಗಿದ್ರು. ಫೈನಲಲ್ಲೂ ನಾಲ್ಕು ವಿಕೆಟ್.

ಹಾಗಾಗಿ ಅನುಭವಿಗಳು ಬೇಡ ಅಂತ ನಾನು ಹೇಳ್ತಿಲ್ಲ. ತಂದಿದ್ದಕ್ಕೆ ಏನು ಕೊಟ್ಟಿರಿ ಅನ್ನೋದೇ ನನ್ನ ಪ್ರಶ್ನೆ.

ನಾವೆಲ್ಲ ಚೀಟಿ ಹಾಕಿದವರೇ. 20 ತಿಂಗಳ ಒಂದು ಲಕ್ಷದ ಚೀಟಿ ಅಂದ್ಕೊಳ್ಳಿ. ಎರಡನೇ ತಿಂಗಳಲ್ಲೇ ಕಮ್ಮಿಗೆ ಕೂಗಿ ಎತ್ತಿದರೆ ಕೈಗೆ 75 ಸಾವಿರ ಬರಬಹುದು. ಕಂತು ಮಾತ್ರ ಕೊನೇ ತಿಂಗಳ ತನಕ ಕಟ್ಟಬೇಕು. ಮಗಳ ಕಾಲೇಜು ಫೀಸಿಗೆ, ಆಸ್ಪತ್ರೆ ಖರ್ಚಿಗೆ ಎತ್ತಿದರೆ ಯಾರೂ ತಪ್ಪು ಅನ್ನಲ್ಲ. ಹಬ್ಬಕ್ಕೆ ಹೊಸ ಸೋಫಾ ಬೇಕು ಅಂತ ಎತ್ತಿದರೆ? ಸೋಫಾ ಹಳೇದಾದ ಮೇಲೂ ಕಂತು ನಡೀತಾನೇ ಇರುತ್ತೆ. ಹುಡುಗರನ್ನ ಕೊಟ್ಟು ಅನುಭವಿನ ತರೋದು ಅಂದ್ರೆ ಮುಂದಿನ ವರ್ಷದ ಚೀಟಿನ ಈ ವರ್ಷ ಎತ್ತಿದ ಹಾಗೆ.

ಅಂಥ ಹುಡುಗ ಮುಂದೆ ಏನಾಗ್ತಾನೆ ಅಂತ ಮೊದಲೇ ಗೊತ್ತಾಗಲ್ಲ ಅನ್ನೋದೇ ಕಷ್ಟ. 2008ರಲ್ಲಿ ಅಂಡರ್-19 ವಿಶ್ವಕಪ್ ಗೆದ್ದ ಹುಡುಗರನ್ನ ಐಪಿಎಲ್ ತಂಡಗಳು ಹರಾಜಿಲ್ಲದೆ ಆರಿಸ್ಕೊಂಡಿದ್ವು. ದೆಹಲಿಯವರು ತಮ್ಮೂರಿನ ಕೊಹ್ಲಿನ ಬಿಟ್ಟು ಬೌಲರ್ ಪ್ರದೀಪ್ ಸಂಗ್ವಾನ್‌ನ ತಗೊಂಡ್ರು, ಬ್ಯಾಟ್ ಮಾಡೋರು ನಮ್ಮಲ್ಲಿ ಸಾಕಷ್ಟಿದ್ದಾರೆ ಅಂತ. ಕೊಹ್ಲಿ ಬೆಂಗಳೂರಿಗೆ ಬಂದ. ಆ ವರ್ಷ ನಮ್ಮ ಟೀಮಲ್ಲಿ ದ್ರಾವಿಡ್, ಕುಂಬ್ಳೆ, ಕಾಲಿಸ್, ಬೌಚರ್ ಎಲ್ಲ ದೊಡ್ಡವರೇ. ಆದರೂ ಎಂಟು ತಂಡದಲ್ಲಿ ಏಳನೇ ಜಾಗ. ಕೊಹ್ಲಿ ಆಡಿದ್ದೂ ಅಷ್ಟಕ್ಕಷ್ಟೇ, 13 ಪಂದ್ಯಕ್ಕೆ 165 ರನ್. ಆ ಹೊತ್ತಲ್ಲಿ ಯಾರಾದರೂ ಬಂದು, "ಈ ಹುಡುಗನ್ನ ಕೊಡಿ, ಒಳ್ಳೇ ಅನುಭವಿ ಬೌಲರ್ ಕೊಡ್ತೀವಿ" ಅಂದಿದ್ದರೆ ನಮ್ಮನೆಯವರಂಥವರು ಕಣ್ಮುಚ್ಚಿ ಕೊಟ್ಟಿರೋರು. ಎಂಟು ವರ್ಷ ಕಳೆದ ಮೇಲೆ ಅದೇ ಹುಡುಗ ಒಂದೇ ಸೀಸನ್ನಲ್ಲಿ 973 ರನ್ ಹೊಡೆದ.

ನಾದಿನಿ ಮಗ ಕೊಹ್ಲಿ ಆಗ್ತಾನೆ ಅಂತ ನಾನು ಹೇಳ್ತಿಲ್ಲ. ಕಾಯದೇ ಇದ್ದರೆ ಅವನು ಏನು ಅಂತ ಗೊತ್ತೇ ಆಗಲ್ಲ, ಅಷ್ಟೇ.

ದೊಡ್ಡ ಹೆಸರು ತಂದ ಮಾತ್ರಕ್ಕೆ ಕಪ್ ಬರುತ್ತೆ ಅಂತಲೂ ಇಲ್ಲ. ಕಬಡ್ಡಿ ನೋಡೋರಿಗೆ ಗೊತ್ತು. 2024ರಲ್ಲಿ ಬೆಂಗಳೂರು ಬುಲ್ಸ್ 70 ಲಕ್ಷ ಕೊಟ್ಟು ಪರ್ದೀಪ್ ನರ್ವಾಲ್‌ನ ತಂತು. ಲೀಗಲ್ಲೇ ಅತಿ ಹೆಚ್ಚು ರೇಡ್ ಪಾಯಿಂಟ್ ಇದ್ದವರು. 22 ಪಂದ್ಯದಲ್ಲಿ ಗೆದ್ದಿದ್ದು ಎರಡು, ಜಾಗ ಕೊನೇದು.

ಭುವಿ ಬಂದಿದ್ದಕ್ಕೂ ಒಂದು ಬೆಲೆ ಕಟ್ಟಿದ್ದೀವಿ, ಅದನ್ನ ನಮ್ಮನೆಯವರು ಲೆಕ್ಕಕ್ಕೆ ಹಿಡಿಯಲ್ಲ. ಏಳು ಸೀಸನ್ ಇಲ್ಲೇ ಬೆವರು ಸುರಿಸಿದ ಸಿರಾಜ್‌ನ ಅದೇ ಹರಾಜಲ್ಲಿ ಬಿಟ್ವಿ. ಗುಜರಾತ್ 12.25 ಕೋಟಿಗೆ ತಗೊಂತು. ಏಪ್ರಿಲ್ 2ರಂದು ಚಿನ್ನಸ್ವಾಮಿಗೇ ಬಂದು 19 ರನ್ನಿಗೆ ಮೂರು ವಿಕೆಟ್ ತೆಗೆದು ನಮ್ಮನ್ನ ಸೋಲಿಸಿ ಹೋದ. ಆದರೂ ಅದು ಲೆಕ್ಕಕ್ಕೆ ಸರಿಹೋಯ್ತು. ಯಾಕೆ ಅಂದ್ರೆ ಆರ್‌ಸಿಬಿ ಹರಾಜಿನ ದುಡ್ಡು ಕೊಟ್ಟು ಆಳು ತಂದಿತ್ತು. ಎಲ್ಲಿ ತೂತಿದೆ ಅಂತ ನೋಡಿ ಅಲ್ಲಿಗೇ ತೇಪೆ ಹಾಕಿತ್ತು.

ಕ್ಲಬ್ಬಿನವರು ನನ್ನ ಮಾತು ಕೇಳಲ್ಲ. ಕೇಳಿದ್ದರೆ ಮೂರೇ ಪ್ರಶ್ನೆ ಹಾಕ್ತಿದ್ದೆ. ಬಂದವರ ಕಾಲು ಇನ್ನೆಷ್ಟು ವರ್ಷ ಓಡುತ್ತೆ? ಅವರು ತುಂಬೋ ಜಾಗ ನಿಜವಾಗಲೂ ಖಾಲಿ ಇತ್ತಾ? ಅವರು ನಿಂತ ಮೇಲೆ ಬಾಲ್ ಹಿಡಿಯೋರು ಯಾರು? ಮೂರನೇದಕ್ಕೆ ಉತ್ತರ ಇಲ್ಲ, ಉತ್ತರ ಆಗಬೇಕಿದ್ದ ಇಬ್ಬರನ್ನೂ ಅವರೇ ಕಳಿಸಿದ್ದಾರೆ. ದುಡ್ಡು ಕೊಟ್ಟೋ, ಒಂದು ವರ್ಷದ ಮಟ್ಟಿಗೋ ಅವರನ್ನ ಕರೆಸಿ, ಹುಡುಗರನ್ನ ಅವರ ಪಕ್ಕದಲ್ಲೇ ನೆಟ್ಸಲ್ಲಿ ನಿಲ್ಲಿಸಿದ್ದರೆ ಅನುಭವವೂ ಸಿಗ್ತಿತ್ತು, ಹುಡುಗರೂ ಉಳೀತಿದ್ರು. ನಮ್ಮತ್ತೆ ಮೈಸೂರು ಪಾಕ್ ಮಾಡುವಾಗ ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡೇ ಮಾಡ್ತಿದ್ರು. ಅದಕ್ಕೇ ಇವತ್ತು ನಮ್ಮನೇಲಿ ಪಾಕದ ಹದ ಉಳಿದಿದೆ.

ಬಂದಿರೋ ಆ ಬೌಲರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಸಂಸಾರ ಇದೆ, ಇನ್ನು ಆಡೋದು ಎಷ್ಟು ವರ್ಷವೋ.

"ಅತ್ತೆ, ಹೋಗಲಾ ಬೇಡ್ವಾ?" ಅಂತ ಹುಡುಗ ಶನಿವಾರ ಫೋನ್ ಮಾಡಿದ್ದ. ಹೋಗು ಅಂದೆ. ಇಲ್ಲಿ ಬೆಂಚಲ್ಲಿ ಕೂತು ಬೇರೆಯವರಿಗೆ ನೀರು ಹೊರೋದಕ್ಕಿಂತ ಅಲ್ಲಿ ಹೊಸ ಬಾಲ್ ಕೈಗೆ ಸಿಗುತ್ತೆ. ಭಾನುವಾರ ಚಪಾತಿ, ಪಲ್ಯ ಕಟ್ಟಿಸ್ಕೊಂಡು ಹೋದ. ಸಂಜೆ ಬಂದವನೇ, "ಹನ್ನೆರಡು ಓವರ್ ಹಾಕಿಸಿದ್ರು ಅತ್ತೆ, ಭುಜ ಎತ್ತಕ್ಕೆ ಆಗ್ತಿಲ್ಲ" ಅಂತ ನಗ್ತಾ ಹೇಳಿದ.

ಮುಂದಿನ ತಿಂಗಳು ಎರಡು ಕ್ಲಬ್ಬಿಗೂ ಮ್ಯಾಚ್ ಇದೆಯಂತೆ. ನಾದಿನಿ, ನಾನು ಇಬ್ಬರೂ ಹೋಗ್ತೀವಿ. ನಮ್ಮನೆಯವರೂ ಬರ್ತಾರಂತೆ. ಯಾವ ಕಡೆ ಕೂರ್ತಾರೆ ಅಂತ ಇನ್ನೂ ಬಾಯಿ ಬಿಟ್ಟಿಲ್ಲ.